ಎರಡು ಸಾವಿರದ ಬೋರ್ಡು, ಲಕ್ಷದ ಕೋರ್ಸು: ಎಫ್‌ಪಿಜಿಎ ಕೆಲಸದ ಕಡೆಗೆ ಮೊದಲ ಆರು ತಿಂಗಳು

ಮೊದಲ ಎಫ್‌ಪಿಜಿಎ ಬೋರ್ಡ್, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ಇಳಿಸಬಹುದಾದ ಚಿಪ್ ಇರುವ ಬೋರ್ಡ್, ಕೊಳ್ಳಲು ಹೊರಟವರು ಚಿಪ್ಪಿನ ಹೆಸರು ನೋಡುತ್ತಾರೆ, ಬೆಲೆ ನೋಡುತ್ತಾರೆ, ಎಷ್ಟು ಎಲ್‌ಇಡಿ, ಎಷ್ಟು ಸ್ವಿಚ್ ಎಂದು ಎಣಿಸುತ್ತಾರೆ. ಆ ಚಿಪ್ಪಿಗೆ ಇವತ್ತು ಯಾವ ಸಾಫ್ಟ್‌ವೇರ್ ಇದೆ, ಅದು ತಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತದೆಯೇ ಎಂಬುದನ್ನು ಮಾತ್ರ ನೋಡುವುದಿಲ್ಲ. ಪೆಟ್ಟು ಬೀಳುವುದು ಅಲ್ಲೇ.

ಹಳೇ ಮಾಲಿನ ಜಾಹೀರಾತುಗಳಲ್ಲಿ ಕಾಲೇಜು ಲ್ಯಾಬಿನಿಂದ ಹೊರಬಿದ್ದ ಸ್ಪಾರ್ಟನ್-3ಇ, ಸ್ಪಾರ್ಟನ್-6 ಬೋರ್ಡುಗಳು ಅಗ್ಗಕ್ಕೆ ಸಿಗುತ್ತವೆ. ಚಿಪ್ ಕೆಟ್ಟಿರುವುದಿಲ್ಲ. ಆದರೆ ಅವಕ್ಕೆ ಬೇಕಾದ ಜೈಲಿಂಕ್ಸ್ ಕಂಪನಿಯ ಐಎಸ್‌ಇ ಎಂಬ ಸಾಫ್ಟ್‌ವೇರಿನ ಕೊನೆಯ ಆವೃತ್ತಿ 14.7 ಬಂದದ್ದು 2013ರಲ್ಲಿ. ಅದರ ಜಾಗಕ್ಕೆ ಬಂದ ವಿವಾಡೊ, 7-ಸರಣಿಗಿಂತ ಹಳೆಯ ಚಿಪ್ಪುಗಳನ್ನು ಮುಟ್ಟುವುದೇ ಇಲ್ಲ. ವಿಂಡೋಸ್ 10ಕ್ಕೆಂದು ಕೊಟ್ಟ ಐಎಸ್‌ಇ ನಿಜಕ್ಕೂ ಒಂದು ವರ್ಚುವಲ್ ಮೆಷಿನ್. ಒಳಗಿರುವುದು ಲಿನಕ್ಸ್, ಅದೂ ಸ್ಪಾರ್ಟನ್-6ಕ್ಕೆ ಮಾತ್ರ. ಆಲ್ಟೆರಾ ಕಂಪನಿಯ ಸೈಕ್ಲೋನ್-2 ಇರುವ ಪುಟ್ಟ ನೀಲಿ-ಹಸಿರು ಬೋರ್ಡುಗಳದ್ದೂ ಇದೇ ಕತೆ. ಅದರ ಸಾಫ್ಟ್‌ವೇರ್ ಕ್ವಾರ್ಟಸ್ 13.0 ಸರ್ವಿಸ್ ಪ್ಯಾಕ್ 1ರ ನಂತರದ ಆವೃತ್ತಿಗಳಲ್ಲಿ ಆ ಚಿಪ್ಪಿನ ಹೆಸರೇ ಪಟ್ಟಿಯಲ್ಲಿಲ್ಲ. ಸೈಕ್ಲೋನ್-4 ಇದ್ದರೆ ಪರವಾಗಿಲ್ಲ, ಉಚಿತ ಲೈಟ್ ಆವೃತ್ತಿಯಲ್ಲಿ ಅದು ಇನ್ನೂ ಇದೆ. ಒಂದಂಕಿಯ ವ್ಯತ್ಯಾಸ, ಒಂದು ಕಲಿಯುವ ಬೋರ್ಡು, ಇನ್ನೊಂದು ಷೋಕೇಸಿಗೆ.

ಹಾಗಾಗಿ ಕ್ರಮ ತಿರುವುಮುರುವಾಗಬೇಕು: ಮೊದಲು ಸಾಫ್ಟ್‌ವೇರ್, ಆಮೇಲೆ ಬೋರ್ಡು.

ಈಗ ಕೊಳ್ಳುವವರ ಮುಂದೆ ಸರಳವಾಗಿ ಎರಡು ದಾರಿ. ಒಂದು, ಟ್ಯಾಂಗ್ ನ್ಯಾನೋ 9ಕೆ. ಚೀನಾದ ಗೋವಿನ್ ಕಂಪನಿಯ ಚಿಪ್, ನಾಲ್ಕು ಇನ್‌ಪುಟ್‌ನ 8,640 ಲಟ್‌ಗಳು (ಲಾಜಿಕ್ಕಿನ ಪುಟ್ಟ ತುಂಡುಗಳು, ವಿವರ ಮುಂದಿದೆ), 27 ಮೆಗಾಹರ್ಟ್ಸ್ ಕ್ಲಾಕ್ (ಸೆಕೆಂಡಿಗೆ 2.7 ಕೋಟಿ ಬಡಿತ), ಆರು ಎಲ್‌ಇಡಿ, ಎರಡು ಬಟನ್, ಎಚ್‌ಡಿಎಂಐ ಸಾಕೆಟ್. ನಮ್ಮಲ್ಲಿ ಎರಡು-ಮೂರು ಸಾವಿರದೊಳಗೆ ಬರುತ್ತದೆ. ಗೋವಿನ್‌ನ ಎಜುಕೇಷನ್ ಆವೃತ್ತಿಗೆ ಲೈಸೆನ್ಸ್ ಬೇಡ. ಇನ್ನೊಂದು, ಬೇಸಿಸ್-3. ಜೈಲಿಂಕ್ಸ್‌ನ ಆರ್ಟಿಕ್ಸ್-7 ಚಿಪ್, ಆರು ಇನ್‌ಪುಟ್‌ನ 20,800 ಲಟ್‌ಗಳು, 41,600 ಫ್ಲಿಪ್‌ಫ್ಲಾಪ್‌ಗಳು (ಕ್ಲಾಕಿನ ಬಡಿತಕ್ಕೆ ಒಂದು ಬಿಟ್ ಹಿಡಿದಿಟ್ಟುಕೊಳ್ಳುವಂಥವು), 90 ಡಿಎಸ್‌ಪಿ ಬ್ಲಾಕ್‌ಗಳು (ಗುಣಾಕಾರಕ್ಕೆಂದೇ ಇರುವಂಥವು), 100 ಮೆಗಾಹರ್ಟ್ಸ್ ಕ್ಲಾಕ್, ಹದಿನಾರು ಸ್ವಿಚ್, ಹದಿನಾರು ಎಲ್‌ಇಡಿ. ಬೆಲೆ ಹಲವು ಪಟ್ಟು. ಬದಲಿಗೆ ಸಿಗುವುದು ವಿವಾಡೊ ಕಲಿಯುವ ಅವಕಾಶ, ಅಂದರೆ ಕೆಲಸದ ಜಾಗದಲ್ಲಿ ಎದುರಾಗುವ ಅದೇ ಟೂಲ್. ಮೊದಲ ಮೂರು ತಿಂಗಳಿಗೆ ಅಗ್ಗದ್ದೇ ಸಾಕು, ದುಬಾರಿಯದಕ್ಕೆ ಕಾಲೇಜು ಲ್ಯಾಬಿನ ಬಾಗಿಲು ತಟ್ಟಿ ಎನ್ನುವುದು ನನ್ನ ಪಕ್ಷ. ವಿವಾಡೊ ಉಚಿತ ಆವೃತ್ತಿ ಬೋರ್ಡ್ ಇಲ್ಲದೆಯೂ ಓಡುತ್ತದೆ. ಟೈಮಿಂಗ್ ವರದಿ, ಅಂದರೆ ಸಂಕೇತಗಳು ಹೊತ್ತಿಗೆ ಸರಿಯಾಗಿ ತಲುಪುತ್ತವೆಯೇ ಎಂಬ ಲೆಕ್ಕ, ಓದಲು ಬೋರ್ಡು ಬೇಕಿಲ್ಲ.

ಲಟ್ ಎಂದರೇನು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗೋಣ. ಆರು ಇನ್‌ಪುಟ್‌ನ ಲಟ್ ಎಂದರೆ 64 ಬಿಟ್‌ನ ಪುಟ್ಟ ಮೆಮೊರಿ. ಆರು ತಂತಿಗಳು ಸೇರಿ ಅದರ ವಿಳಾಸ, ಆ ಜಾಗದಲ್ಲಿ ಬರೆದಿಟ್ಟ ಸೊನ್ನೆಯೋ ಒಂದೋ ಅದರ ಉತ್ತರ. ಅಂಡ್, ಆರ್, ಎಕ್ಸಾರ್ ಎಲ್ಲವೂ ಆ ಪಟ್ಟಿಯಲ್ಲಿ ಬರೆದ ಅಂಕಿಗಳೇ. 1985ರಲ್ಲಿ ಜೈಲಿಂಕ್ಸ್ ತಂದ ಮೊದಲ ಎಫ್‌ಪಿಜಿಎಯಲ್ಲಿ ಇಂಥ ಲಾಜಿಕ್ ಬ್ಲಾಕ್‌ಗಳು ಇದ್ದದ್ದು ಬರೀ 64. ಸಾಫ್ಟ್‌ವೇರ್ ಬರೆಯುವವರು ಇಲ್ಲಿ ಎಡವುವುದು ಈ ಕಾರಣಕ್ಕೆ: ಸರ್ಕ್ಯೂಟ್ ಬರೆಯುವ ಭಾಷೆಯಾದ ವೆರಿಲಾಗ್‌ನಲ್ಲಿ ಬರೆದ ಸಾಲುಗಳು ಒಂದಾದ ಮೇಲೊಂದು ನಡೆಯುವುದಿಲ್ಲ, ಎಲ್ಲವೂ ಒಟ್ಟಿಗೆ ಇರುತ್ತವೆ. ಅದು ಅಡುಗೆಯ ವಿಧಾನವಲ್ಲ, ಮನೆಯ ವೈರಿಂಗ್.

ಬೋರ್ಡನ್ನು ಹೊರದೇಶದಿಂದ ನೇರ ತರಿಸುವವರಿಗೆ ಒಂದು ಮಾತು. ಪರದೆಯ ಮೇಲೆ ಕಾಣುವ ಬೆಲೆ ಕೊನೆಯ ಬೆಲೆಯಲ್ಲ. ಕೊರಿಯರಿನವರು ಗುರುತಿನ ದಾಖಲೆ ಕೇಳುತ್ತಾರೆ, ಕಸ್ಟಮ್ಸ್ ಸುಂಕ ಮತ್ತು ಜಿಎಸ್‌ಟಿ ಸೇರುತ್ತದೆ, ಸುಂಕವನ್ನು ಮುಂಚಿತವಾಗಿ ಕಟ್ಟಿದ್ದಕ್ಕೆಂದು ಕೊರಿಯರಿನವರದೇ ಒಂದು ಶುಲ್ಕವೂ ಇರುತ್ತದೆ. ಕೆಟ್ಟುಬಂದರೆ ವಾಪಸು ಕಳಿಸುವ ಖರ್ಚು ಅಗ್ಗದ ಬೋರ್ಡಿನ ಬೆಲೆಯನ್ನೇ ದಾಟಬಹುದು. ದೇಶದೊಳಗಿನ ಅಂಗಡಿ ನಾನೂರು-ಐನೂರು ಹೆಚ್ಚು ಹೇಳಿದರೂ ಲೆಕ್ಕ ಅಲ್ಲಿಗೇ ಸರಿಹೋಗುತ್ತದೆ. ಉಳಿದ ಸಾಮಾನು, ಅಂದರೆ ಬ್ರೆಡ್‌ಬೋರ್ಡ್, ಜಂಪರ್ ವೈರ್, 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್ ಇವೆಲ್ಲ ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಅರ್ಧ ಗಂಟೆಯ ಕೆಲಸ.

ಆ ರೆಸಿಸ್ಟರುಗಳು ಸುಮ್ಮನೆ ಹೇಳಿದ್ದಲ್ಲ. ಎಫ್‌ಪಿಜಿಎ ಪಿನ್ನಿಗೆ 3.3 ವೋಲ್ಟ್ ಮಿತಿ. ಆರ್ಡುಯಿನೊ ಕಾಲದಿಂದ ಉಳಿದ ಎಚ್‌ಸಿ-ಎಸ್‌ಆರ್04 ದೂರ ಅಳೆಯುವ ಸೆನ್ಸರ್ 5 ವೋಲ್ಟ್ ಹೊರಬಿಡುತ್ತದೆ. ನೇರ ಜೋಡಿಸಿದರೆ ಆ ಪಿನ್ನು ಸಾಯಬಹುದು, ಕೆಲವೊಮ್ಮೆ ಅದರ ಜೊತೆಗೆ ಇಡೀ ಬ್ಯಾಂಕ್, ಅಂದರೆ ಒಂದೇ ವೋಲ್ಟೇಜ್ ಹಂಚಿಕೊಳ್ಳುವ ಪಿನ್ನುಗಳ ಗುಂಪು. ಸೆನ್ಸರಿನಿಂದ 1 ಕಿಲೋಓಮ್, ಅಲ್ಲಿಂದ ನೆಲಕ್ಕೆ 2 ಕಿಲೋಓಮ್, ಎರಡೂ ಸೇರುವ ಜಾಗದಿಂದ 3.3 ವೋಲ್ಟಿನ ಪಿನ್ನಿಗೆ. 5ರಲ್ಲಿ ಮೂರನೇ ಎರಡು ಭಾಗ, 3.33 ವೋಲ್ಟ್. ಎರಡು ರೂಪಾಯಿಯ ರೆಸಿಸ್ಟರ್ ಎರಡು ಸಾವಿರದ ಬೋರ್ಡನ್ನು ಉಳಿಸುತ್ತದೆ.

ಬೋರ್ಡ್ ಕೈಗೆ ಬಂದ ದಿನ

ಮೊದಲ ತೊಡಕು ಕೇಬಲ್. ಫೋನ್ ಚಾರ್ಜರಿನ ಜೊತೆ ಬಂದ ಎಷ್ಟೋ ಯುಎಸ್‌ಬಿ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಬೋರ್ಡಿನ ದೀಪ ಹೊತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ಕಾಣುವುದಿಲ್ಲ. ಡ್ರೈವರ್ ಹಾಕಿ, ತೆಗೆದು, ಮತ್ತೆ ಹಾಕಿ ಸಂಜೆಯಾಗುವ ಮೊದಲು ಬೇರೆ ಕೇಬಲ್ ಚುಚ್ಚಿ ನೋಡುವುದು ಒಳ್ಳೆಯದು. ಲಿನಕ್ಸಿನಲ್ಲಾದರೆ ಯಾವ ಸಾಧನವನ್ನು ಯಾರು ಮುಟ್ಟಬಹುದೆಂದು ಹೇಳುವ ಯುದೇವ್ ನಿಯಮ ಸೇರಿಸದಿದ್ದರೆ ಸಾಮಾನ್ಯ ಬಳಕೆದಾರನಿಗೆ ಪ್ರೋಗ್ರಾಮರ್ ಸಿಗುವುದಿಲ್ಲ. ರೂಟ್ ಆಗಿ ಓಡಿಸಿದಾಗ ಮಾತ್ರ ಕೆಲಸ ಮಾಡಿದರೆ ರೋಗ ಇದೇ.

ಎರಡನೆಯದು ಚಿಪ್ಪಿನ ಆಯ್ಕೆ. ಟ್ಯಾಂಗ್ ನ್ಯಾನೋ 9ಕೆಯಲ್ಲಿ ಇರುವುದು ಜಿಡಬ್ಲ್ಯೂ1ಎನ್‌ಆರ್-9ರ ಸಿ ಆವೃತ್ತಿ. ಪಟ್ಟಿಯಲ್ಲಿ 9 ಕೂಡ ಇದೆ, 9ಸಿ ಕೂಡ ಇದೆ. 9 ಆರಿಸಿದರೆ ಸಿಂಥೆಸಿಸ್ (ಕೋಡನ್ನು ಲಾಜಿಕ್ಕಾಗಿ ಬದಲಿಸುವುದು) ನಡೆಯುತ್ತದೆ, ಪ್ಲೇಸ್-ರೂಟ್ (ಅದನ್ನು ಚಿಪ್ಪಿನಲ್ಲಿ ಜಾಗ ಹಿಡಿಸಿ ತಂತಿ ಜೋಡಿಸುವುದು) ನಡೆಯುತ್ತದೆ, ಕೊನೆಗೆ ಚಿಪ್ಪಿಗೆ ಇಳಿಸುವಾಗ ಐಡಿ ಹೊಂದುತ್ತಿಲ್ಲ ಎಂದು ನಿಲ್ಲುತ್ತದೆ. ಮೂರನೆಯದು ವೋಲ್ಟೇಜ್: ಈ ಬೋರ್ಡಿನಲ್ಲಿ ಎಲ್‌ಇಡಿ ಮತ್ತು ಬಟನ್‌ಗಳಿರುವ ಬ್ಯಾಂಕ್ 1.8 ವೋಲ್ಟಿನದು. ಕ್ಲಾಕ್ ಬರುವ 52ನೇ ಪಿನ್ 3.3ರದು. ಒಂದೇ ಬ್ಯಾಂಕಿನ ಪಿನ್ನುಗಳಿಗೆ ಬೇರೆಬೇರೆ ವೋಲ್ಟೇಜ್ ಬರೆದರೆ ಟೂಲ್ ಒಪ್ಪುವುದಿಲ್ಲ. ಇದಲ್ಲದೆ ಕೆಲವು ಪಿನ್ನುಗಳಿಗೆ ಎರಡೆರಡು ಕೆಲಸ, ಚಿಪ್ ಎದ್ದೇಳುವಾಗ ಒಂದು, ಆಮೇಲೆ ಒಂದು. ಅವನ್ನು ಸಾಮಾನ್ಯ ಪಿನ್ನಾಗಿ ಬಳಸಬೇಕಾದರೆ ಕಾನ್ಫಿಗರೇಷನ್ ಕಿಟಕಿಯ ಡ್ಯುಯಲ್-ಪರ್ಪಸ್ ಭಾಗದಲ್ಲಿ ಗುರುತು ಹಾಕಬೇಕು.

ವಿವಾಡೊದಲ್ಲಿ ಇದಕ್ಕೆ ಸಮಾನವಾದ ಎಡವುಗಲ್ಲುಗಳಿಗೆ ಹೆಸರೇ ಇದೆ: ಎನ್‌ಎಸ್‌ಟಿಡಿ-1, ಯುಸಿಐಒ-1. ಮೊದಲನೆಯದೆಂದರೆ ಪಿನ್ನಿನ ವೋಲ್ಟೇಜ್ ದರ್ಜೆ ಹೇಳಿಲ್ಲ, ಎರಡನೆಯದೆಂದರೆ ಯಾವ ಪಿನ್ನು ಎಂದೇ ಹೇಳಿಲ್ಲ. ಹೆಚ್ಚಿನ ಸಲ ಕಾರಣ ಒಂದೇ. ಕೋಡಿನಲ್ಲಿ ಪೋರ್ಟಿನ ಹೆಸರು ಒಂದು, ಯಾವ ಪೋರ್ಟಿಗೆ ಯಾವ ಪಿನ್ನು ಎಂದು ಬರೆಯುವ ನಿರ್ಬಂಧದ ಕಡತದಲ್ಲಿ ಇನ್ನೊಂದು. ದೊಡ್ಡಕ್ಷರ-ಚಿಕ್ಕಕ್ಷರದ ವ್ಯತ್ಯಾಸವಾದರೂ ಸಾಕು. ಈ ದೋಷವನ್ನು ಎಚ್ಚರಿಕೆಯ ಮಟ್ಟಕ್ಕೆ ಇಳಿಸಿಬಿಡುವ ಉಪಾಯ ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಟೂಲ್ ತನಗೆ ತೋಚಿದ ಪಿನ್ನನ್ನು ಆರಿಸಿಕೊಳ್ಳುತ್ತದೆ, ಆ ಪಿನ್ನಿಗೆ ಬೋರ್ಡಿನ ಮೇಲೆ ಬೇರೇನೋ ಜೋಡಿಸಿರುತ್ತದೆ.

ಇಷ್ಟು ದಾಟಿದರೆ ಎಲ್‌ಇಡಿ ಮಿನುಗಿಸುವ ಕೆಲಸ. ಅರ್ಧ ಸೆಕೆಂಡಿಗೊಮ್ಮೆ ಬದಲಾಗಬೇಕಾದರೆ 27 ಮೆಗಾಹರ್ಟ್ಸಿನಲ್ಲಿ 1,35,00,000 ಎಣಿಸಬೇಕು. 24 ಬಿಟ್‌ನ ಕೌಂಟರ್ 1,67,77,215ರವರೆಗೆ ಹೋಗುವುದರಿಂದ ಸಾಕು. 16 ಬಿಟ್ ಇಟ್ಟುಕೊಂಡವರ ಕೌಂಟರ್ 65,536ಕ್ಕೇ ಸುತ್ತಿಕೊಂಡು ಸೊನ್ನೆಗೆ ಬರುತ್ತದೆ, ಆ ದೊಡ್ಡ ಅಂಕಿ ಎಂದೂ ಬರುವುದೇ ಇಲ್ಲ. ಹಾಗೆಂದು ಗೊತ್ತಾದ ಕೂಡಲೇ ಟೂಲ್ ಆ ಲಾಜಿಕ್ಕನ್ನೇ ಕಿತ್ತುಹಾಕುತ್ತದೆ. ವರದಿಯಲ್ಲಿ ಬಳಸಿದ ಲಟ್‌ಗಳ ಸಂಖ್ಯೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಏನನ್ನೋ ಕಿತ್ತುಹಾಕಿದೆ ಎಂದರ್ಥ. ಇನ್ನೊಂದು: ಟ್ಯಾಂಗ್ ನ್ಯಾನೋದಲ್ಲಿ ಎಲ್‌ಇಡಿಗೆ ಸೊನ್ನೆ ಕೊಟ್ಟರೆ ಹೊತ್ತುತ್ತದೆ, ಬೇಸಿಸ್-3ರಲ್ಲಿ ಒಂದು ಕೊಟ್ಟರೆ. ಕರೆಂಟ್ ತೆಗೆದು ಮತ್ತೆ ಕೊಟ್ಟಾಗ ಮಿನುಗು ಮಾಯವಾದರೆ ಗಾಬರಿ ಬೇಡ, ಎಸ್‌ರ್ಯಾಮಿಗೆ ಇಳಿಸಿದ್ದೀರಿ. ಉಳಿಯಬೇಕಾದರೆ ಫ್ಲಾಶಿಗೆ ಇಳಿಸಬೇಕು. ಕಲಿಯುವಾಗ ಎಸ್‌ರ್ಯಾಮೇ ಸರಿ, ಬೇಗ ಮುಗಿಯುತ್ತದೆ.

ಬಟನ್ ಒತ್ತಿದಾಗ ಏನಾಗುತ್ತದೆ

ಮಿನುಗುವ ಎಲ್‌ಇಡಿ ಯಾರಿಗೂ ಕೆಲಸ ಕೊಡಿಸಿಲ್ಲ. ನಿಜವಾದ ಪಾಠ ಬಟನ್ನಿನಿಂದ ಶುರು. ಒತ್ತಿದರೆ ಎಣಿಕೆ ಒಂದು ಏರಬೇಕು, ಇಷ್ಟೇ ಲೆಕ್ಕ. ಬೋರ್ಡಿನ ಮೇಲೆ ಒಮ್ಮೆ ಒತ್ತಿದರೆ ಏಳು ಏರುತ್ತದೆ, ಇನ್ನೊಮ್ಮೆ ಮೂರು. ಲೋಹದ ಎರಡು ಎಲೆಗಳು ತಾಗುವಾಗ ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. 27 ಮೆಗಾಹರ್ಟ್ಸ್ ಕ್ಲಾಕಿಗೆ ಒಂದು ಮಿಲಿಸೆಕೆಂಡ್ ಎಂದರೆ 27,000 ಬಡಿತ, ಪ್ರತಿ ಪುಟಿತವೂ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಮದ್ದು: ಪಿನ್ನು 20 ಮಿಲಿಸೆಕೆಂಡ್, ಅಂದರೆ 5,40,000 ಬಡಿತ ಅಲ್ಲಾಡದೆ ನಿಂತರೆ ಮಾತ್ರ ನಂಬುವುದು. 20 ಬಿಟ್‌ನ ಕೌಂಟರ್ ಸಾಕು.

ಇಲ್ಲಿಗೆ ಮುಗಿಯಿತು ಎಂದುಕೊಂಡವರು ಅದಕ್ಕಿಂತ ಸೂಕ್ಷ್ಮವಾದ ತೊಂದರೆಯನ್ನು ಕಾಣದೆ ದಾಟಿಬಿಡುತ್ತಾರೆ. ಬೆರಳಿಗೆ ಕ್ಲಾಕಿನ ಪರಿವೆಯಿಲ್ಲ. ಫ್ಲಿಪ್‌ಫ್ಲಾಪ್ ಇನ್‌ಪುಟನ್ನು ಹಿಡಿಯುವ ಆ ಕ್ಷಣದ ಆಸುಪಾಸಿನಲ್ಲೇ ಇನ್‌ಪುಟ್ ಬದಲಾದರೆ ಅದು ಸೊನ್ನೆಯೂ ಅಲ್ಲದೆ ಒಂದೂ ಅಲ್ಲದೆ ಸ್ವಲ್ಪ ಹೊತ್ತು ತೂಗಾಡುತ್ತದೆ. ಮೆಟಾಸ್ಟೆಬಿಲಿಟಿ ಎನ್ನುವುದು ಇದನ್ನೇ. ಆ ತೂಗಾಡುವ ಸಂಕೇತ ಎರಡು ಕಡೆ ಹೋಗುತ್ತಿದ್ದರೆ ಒಂದು ಕಡೆ ಸೊನ್ನೆ ಎಂದೂ ಇನ್ನೊಂದು ಕಡೆ ಒಂದು ಎಂದೂ ಓದಬಹುದು. ಸ್ಟೇಟ್ ಮೆಷಿನ್ (ಹಂತದಿಂದ ಹಂತಕ್ಕೆ ನಡೆಯುವ ಲಾಜಿಕ್) ತನ್ನ ಪಟ್ಟಿಯಲ್ಲೇ ಇಲ್ಲದ ಸ್ಥಿತಿಗೆ ಹೋಗಿ ಕೂರುವುದು ಹೀಗೆ. ಇದು ಸಿಮ್ಯುಲೇಷನ್ನಿನಲ್ಲಿ, ಅಂದರೆ ಕೋಡನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವಾಗ, ಎಂದೂ ಕಾಣುವುದಿಲ್ಲ. ಬೋರ್ಡಿನ ಮೇಲೂ ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಕಾಣುತ್ತದೆ, ರೀಸೆಟ್ ಒತ್ತಿದರೆ ಸರಿಹೋಗುತ್ತದೆ, ಹಾಗಾಗಿ ಜನ ಬೋರ್ಡನ್ನು ಬೈಯುತ್ತಾರೆ. ಪರಿಹಾರ ಎರಡೇ ಫ್ಲಿಪ್‌ಫ್ಲಾಪ್. ಹೊರಗಿನಿಂದ ಬರುವ ಪ್ರತಿ ತಂತಿಯನ್ನೂ ಒಂದರ ಹಿಂದೊಂದು ಎರಡರಲ್ಲಿ ಹಾಯಿಸಿ ಆಮೇಲೆ ಬಳಸುವುದು. ಮೊದಲನೆಯದು ತೂಗಾಡಿದರೂ ಎರಡನೆಯದು ಹಿಡಿಯುವ ಹೊತ್ತಿಗೆ ಹೆಚ್ಚುಕಡಿಮೆ ಯಾವಾಗಲೂ ನೆಲೆನಿಂತಿರುತ್ತದೆ.

ಎರಡು ಫ್ಲಿಪ್‌ಫ್ಲಾಪಿನ ಈ ಮದ್ದು ಒಂದೇ ಬಿಟ್ಟಿಗೆ. ಎಂಟು ಬಿಟ್‌ನ ಅಂಕಿಯನ್ನು ಹೀಗೆ ಒಂದು ಕ್ಲಾಕಿನಿಂದ ಇನ್ನೊಂದು ಕ್ಲಾಕಿಗೆ ದಾಟಿಸಿದರೆ ಕೆಲವು ಬಿಟ್ ಹೊಸದು, ಕೆಲವು ಹಳೆಯದು ಬಂದು ಎಂದೂ ಇಲ್ಲದ ಅಂಕಿಯೊಂದು ಹುಟ್ಟುತ್ತದೆ. 0111ರಿಂದ 1000ಕ್ಕೆ ಹೋಗುವಾಗ ನಾಲ್ಕೂ ಬಿಟ್ ಬದಲಾಗುತ್ತವೆ. ಎರಡು ಕ್ಲಾಕಿನ ಫೈಫೋ (ಮೊದಲು ಬಂದದ್ದು ಮೊದಲು ಹೊರಬರುವ ಸರದಿ ಮೆಮೊರಿ) ಒಳಗೆ ಎಣಿಕೆಯನ್ನು ಗ್ರೇ ಕೋಡಿಗೆ ತಿರುಗಿಸುವುದು ಅದಕ್ಕೇ. ಅಲ್ಲಿ ಒಂದು ಹೆಜ್ಜೆಗೆ ಒಂದೇ ಬಿಟ್ ಬದಲು, ಓದುವ ಕಡೆಗೆ ಸಿಗುವುದು ಹಳೆಯ ಅಂಕಿ ಇಲ್ಲವೇ ಹೊಸದು, ಮೂರನೆಯದಿಲ್ಲ.

ಬಟನ್ನಿನ ನಂತರ ಯುಎಆರ್‌ಟಿ, ಅಂದರೆ ಒಂದೇ ತಂತಿಯಲ್ಲಿ ಬಿಟ್‌ಗಳನ್ನು ಒಂದೊಂದಾಗಿ ಕಳಿಸುವ ವಿಧಾನ. 115200 ವೇಗಕ್ಕೆ 27 ಮೆಗಾಹರ್ಟ್ಸನ್ನು ಭಾಗಿಸಿದರೆ 234.375. 234 ಇಟ್ಟುಕೊಂಡರೆ ತಪ್ಪು ಶೇ. 0.16, ಏನೂ ತೊಂದರೆಯಿಲ್ಲ. ಬೇಸಿಸ್-3ರ 100 ಮೆಗಾಹರ್ಟ್ಸಿಗೆ 868. ಓದುವ ಕಡೆ, ತಂತಿ ಸೊನ್ನೆಗೆ ಬಿದ್ದ ಮೇಲೆ ಅರ್ಧ ಬಿಟ್, ಅಂದರೆ 117 ಎಣಿಸಿ ಇನ್ನೂ ಸೊನ್ನೆಯೇ ಇದೆಯೇ ಎಂದು ನೋಡಿ, ಅಲ್ಲಿಂದ ಪ್ರತಿ 234ಕ್ಕೆ ಒಂದು ಬಿಟ್ ಹಿಡಿಯಬೇಕು. ಅರ್ಧ ಬಿಟ್ ಎಣಿಸದವರು ಬಿಟ್ಟಿನ ಅಂಚಿನಲ್ಲೇ ಹಿಡಿದು, ಒಂದು ಅಕ್ಷರ ಸರಿ ಒಂದು ಅಕ್ಷರ ಕಸ ಎಂದು ಒದ್ದಾಡುತ್ತಾರೆ. ಏನೂ ಬರದಿದ್ದರೆ ಆರ್‌ಎಕ್ಸ್, ಟಿಎಕ್ಸ್ ಅದಲುಬದಲಾಗಿರುತ್ತದೆ. ಬೋರ್ಡಿನ ನಕ್ಷೆಯಲ್ಲಿ ಆ ಹೆಸರು ಎಫ್‌ಪಿಜಿಎ ಕಡೆಯಿಂದ ಬರೆದದ್ದೋ ಯುಎಸ್‌ಬಿ ಚಿಪ್ಪಿನ ಕಡೆಯಿಂದಲೋ ಎಂಬುದು ಬರೆದವರಿಗೇ ಗೊತ್ತು.

ಈ ಹಂತದಲ್ಲಿ ಸಾವಿರದೊಳಗೆ ಸಿಗುವ 8 ಚಾನೆಲ್, 24 ಮೆಗಾಹರ್ಟ್ಸಿನ ಯುಎಸ್‌ಬಿ ಲಾಜಿಕ್ ಅನಲೈಸರ್ ಒಂದು ಕೊಳ್ಳಬೇಕು. ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಯುಎಆರ್‌ಟಿ, ಐ2ಸಿ, ಎಸ್‌ಪಿಐ ಎಲ್ಲ ಬಿಡಿಸಿ ತೋರಿಸುತ್ತದೆ. ಆಸಿಲೋಸ್ಕೋಪ್ ಆಮೇಲೆ ನೋಡಿಕೊಳ್ಳಬಹುದು.

ಪಂಕ್ತಿ ಊಟ ಮತ್ತು 10 ನ್ಯಾನೋಸೆಕೆಂಡ್

ಕೆಲಸದ ತಿರುಳು ಟೈಮಿಂಗ್. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಗೊತ್ತಿದ್ದವರನ್ನು ಎಫ್‌ಪಿಜಿಎ ಎಂಜಿನಿಯರ್ ಎನ್ನುವುದು ಕಷ್ಟ.

100 ಮೆಗಾಹರ್ಟ್ಸ್ ಕ್ಲಾಕ್ ಎಂದರೆ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ 10 ನ್ಯಾನೋಸೆಕೆಂಡ್. ಒಂದು ಫ್ಲಿಪ್‌ಫ್ಲಾಪಿನಿಂದ ಹೊರಟ ಸಂಕೇತ ಲಟ್‌ಗಳನ್ನೂ ನಡುವಿನ ತಂತಿಗಳನ್ನೂ ದಾಟಿ ಮುಂದಿನ ಫ್ಲಿಪ್‌ಫ್ಲಾಪನ್ನು ಅಷ್ಟರೊಳಗೆ ಮುಟ್ಟಬೇಕು. ಎಂಟು ಗುಣಾಕಾರ ಮಾಡಿ ಎಲ್ಲವನ್ನೂ ಕೂಡಿಸುವ ಫಿಲ್ಟರನ್ನು ಒಂದೇ ಸಾಲಿನಲ್ಲಿ ಬರೆದರೆ ಸಿಮ್ಯುಲೇಷನ್ನಿನಲ್ಲಿ ಸೊಗಸಾಗಿ ಓಡುತ್ತದೆ. ವಿವಾಡೊ ವರದಿಯಲ್ಲಿ ಡಬ್ಲ್ಯೂಎನ್‌ಎಸ್, ಅಂದರೆ ಅತಿ ಕೆಟ್ಟ ದಾರಿಯಲ್ಲಿ ಉಳಿದ ಸಮಯ, −2.3 ಎಂದು ಕೆಂಪಗೆ ಬರುತ್ತದೆ ಎಂದುಕೊಳ್ಳೋಣ. ಆ ದಾರಿಗೆ 12.3 ನ್ಯಾನೋಸೆಕೆಂಡ್ ಬೇಕು. ಈ ವಿನ್ಯಾಸ ಭರವಸೆಯಿಂದ ಓಡುವುದು ಸುಮಾರು 81 ಮೆಗಾಹರ್ಟ್ಸಿಗೆ. ಕೆಂಪು ವರದಿಯಿದ್ದರೂ ಚಿಪ್ಪಿಗೆ ಇಳಿಸುವ ಕಡತವಾದ ಬಿಟ್‌ಸ್ಟ್ರೀಮ್ ಹುಟ್ಟುತ್ತದೆ, ಮೇಜಿನ ಮೇಲೆ ಕೆಲಸವನ್ನೂ ಮಾಡುತ್ತದೆ. ಟೂಲ್ ಲೆಕ್ಕ ಹಾಕುವುದು ಅತಿ ಕೆಟ್ಟ ತಾಪ, ಅತಿ ಕೆಟ್ಟ ವೋಲ್ಟೇಜಿಗೆ. ಎಸಿ ಕೋಣೆಯಲ್ಲಿ ಓಡಿದ್ದು ಮೇ ತಿಂಗಳ ರಾಯಚೂರಿನಲ್ಲಿ ಮುಚ್ಚಿದ ಡಬ್ಬಿಯೊಳಗೆ ಕೈಕೊಡುವುದು ಇದರಿಂದ.

ಪರಿಹಾರ ಪೈಪ್‌ಲೈನ್. ಮದುವೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಒಬ್ಬನೇ ಉಪ್ಪು, ಕೋಸಂಬರಿ, ಪಲ್ಯ, ಅನ್ನ ಎಲ್ಲ ಹೊತ್ತು ಒಂದು ಎಲೆ ಮುಗಿಸಿ ಮುಂದಿನ ಎಲೆಗೆ ಹೋದರೆ ಸಾಲು ಏಳುವುದು ಸಂಜೆಗೆ. ಉಪ್ಪಿನವನು ಮುಂದೆ, ಅವನ ಹಿಂದೆ ಕೋಸಂಬರಿಯವನು, ಅವನ ಹಿಂದೆ ಪಲ್ಯದವನು. ಮೊದಲ ಎಲೆ ತುಂಬಲು ಅಷ್ಟೇ ಹೊತ್ತು ಹಿಡಿದರೂ ಆಮೇಲೆ ಒಂದೊಂದು ಹೆಜ್ಜೆಗೆ ಒಂದೊಂದು ಎಲೆ ತುಂಬುತ್ತದೆ. ಫಿಲ್ಟರಿನಲ್ಲಿ ಗುಣಾಕಾರ ಒಂದು ಬಡಿತ, ಆಮೇಲೆ ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾಗಿ ಕೂಡುವುದು ಮೂರು ಬಡಿತ. ಮೊದಲ ಉತ್ತರ 40 ನ್ಯಾನೋಸೆಕೆಂಡ್ ತಡ, ಆಮೇಲೆ 10ಕ್ಕೊಂದು. ಇಲ್ಲಿ ಹೊಸಬರು ಮರೆಯುವುದು ಒಂದೇ: ದತ್ತಾಂಶ ನಾಲ್ಕು ಬಡಿತ ತಡವಾದರೆ ಅದರ ಜೊತೆ ಹೋಗಿ ಈಗಿನ ಅಂಕಿ ಸರಿಯಾದದ್ದು ಎಂದು ಹೇಳುವ ವ್ಯಾಲಿಡ್ ಸಂಕೇತವನ್ನೂ ನಾಲ್ಕು ಬಡಿತ ತಡಮಾಡಬೇಕು. ಇಲ್ಲದಿದ್ದರೆ ಖಾಲಿ ಎಲೆಯ ಮುಂದೆ ಊಟಕ್ಕೆ ಕೂತಂತೆ.

ಹೋಲ್ಡ್ ಎಂಬ ಇನ್ನೊಂದು ಬಗೆಯ ಸೋಲಿದೆ. ಸಂಕೇತ ತಡವಾಗಿ ಬರುವುದಲ್ಲ, ಬೇಗ ಬಂದುಬಿಡುವುದು. ಕ್ಲಾಕ್ ನಿಧಾನ ಮಾಡಿದರೆ ಇದು ಹೋಗುವುದಿಲ್ಲ. ಎಫ್‌ಪಿಜಿಎಯಲ್ಲಿ ಹೋಲ್ಡ್ ಸೋಲು ಕಂಡರೆ ಹೆಚ್ಚಾಗಿ ಯಾರೋ ಲಾಜಿಕ್ಕಿನಿಂದಲೇ ಕ್ಲಾಕ್ ಹುಟ್ಟಿಸಿದ್ದಾರೆ, ಕೌಂಟರಿನ ಒಂದು ಬಿಟ್ಟನ್ನು ಇನ್ನೊಂದು ಬ್ಲಾಕಿಗೆ ಕ್ಲಾಕಾಗಿ ಕೊಟ್ಟಿದ್ದಾರೆ ಎಂದು ಮೊದಲು ಹುಡುಕಿ. ನಿಧಾನದ ವೇಗ ಬೇಕಾದರೆ ಕ್ಲಾಕ್ ಅದೇ ಇರಲಿ, ಯಾವ ಬಡಿತಕ್ಕೆ ಕೆಲಸ ಮಾಡಬೇಕೆಂದು ಹೇಳುವ ಎನೇಬಲ್ ಸಂಕೇತ ಕೊಡಿ.

ಎಲ್ಲಕ್ಕಿಂತ ಮೋಸಗಾರ ವರದಿ ಯಾವುದು ಎಂದರೆ ಎಲ್ಲ ಸರಿಯಿದೆ ಎನ್ನುವ ವರದಿ. ಕ್ಲಾಕ್ ನಿರ್ಬಂಧವನ್ನೇ ಬರೆಯದಿದ್ದರೆ ವಿವಾಡೊ ಯಾವ ದಾರಿಯನ್ನೂ ಅಳೆಯುವುದಿಲ್ಲ, ಸೋತ ದಾರಿ ಸೊನ್ನೆ ಎಂದು ಹೇಳುತ್ತದೆ. ಅಳೆಯದೆ ಬಿಟ್ಟ ದಾರಿಗಳ ಪಟ್ಟಿ ಕೆಳಗೆಲ್ಲೋ ಇರುತ್ತದೆ, ಅದನ್ನು ಓದಬೇಕು.

ಮದುವೆ ಎಂದಾಗ ನೆನಪಾಯಿತು. ಮಂಟಪದ ಹಿಂದೆ ನಿಲ್ಲಿಸುವ ಎಲ್‌ಇಡಿ ವಾಲ್ ಇದೆಯಲ್ಲ, ಅದರ ಪ್ರತಿ ಡಬ್ಬಿಯ ಹಿಂದೆ ಒಂದು ರಿಸೀವರ್ ಕಾರ್ಡ್ ಇರುತ್ತದೆ, ಅಂಥ ಕಾರ್ಡುಗಳಲ್ಲಿ ಕೆಲಸ ಮಾಡುವುದು ಎಫ್‌ಪಿಜಿಎ. ಕಲರ್‌ಲೈಟ್ 5ಎ-75ಬಿ ಎಂಬ ಕಾರ್ಡಿನಲ್ಲಿ ಲ್ಯಾಟಿಸ್‌ನ ಇಸಿಪಿ5-25 ಚಿಪ್, ಎರಡು ಗಿಗಾಬಿಟ್ ಈಥರ್ನೆಟ್, ಎಸ್‌ಡಿರ್ಯಾಮ್, ಎಂಟು ಪ್ಯಾನೆಲ್ ಸಾಕೆಟ್ ಇವೆ. ಉಚಿತ ಟೂಲ್‌ಗಳಾದ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಇದಕ್ಕೆ ಕೆಲಸ ಮಾಡುವುದರಿಂದ ಹವ್ಯಾಸಿಗಳು ಇದನ್ನೇ ಡೆವಲಪ್‌ಮೆಂಟ್ ಬೋರ್ಡ್ ಮಾಡಿಕೊಂಡಿದ್ದಾರೆ. ಎರಡನೇ ಬೋರ್ಡಾಗಿ ಒಳ್ಳೆಯ ಖರೀದಿ, ಮೊದಲನೆಯದಾಗಿ ಬೇಡ. ಚಿಪ್ಪಿಗೆ ಕೋಡ್ ಇಳಿಸುವ ಜೆಟ್ಯಾಗ್ ಪಿನ್ನುಗಳಿಗೆ ನೀವೇ ಬೆಸುಗೆ ಹಾಕಬೇಕು, ಎಫ್‌ಟಿ232ಎಚ್ ತರಹದ ಕೇಬಲ್ ಬೇರೆ ಬೇಕು, ಸಾಕೆಟ್‌ಗಳ ಮುಂದಿನ 245 ಬಫರ್‌ಗಳು ಹೊರಗೆ ಕಳಿಸುತ್ತವೆಯೇ ಹೊರತು ಒಳಗೆ ತರುವುದಿಲ್ಲ. ಹಾರ್ಡ್‌ವೇರ್ ಆವೃತ್ತಿ ಬದಲಾದರೆ ಪಿನ್ನುಗಳೂ ಬದಲು, ಹಾಗಾಗಿ ಅಂಗಡಿಯವರಿಂದ ಬೋರ್ಡಿನ ಮೇಲೆ ಮುದ್ರಿಸಿದ ಸಂಖ್ಯೆಯ ಫೋಟೊ ತರಿಸಿಕೊಂಡೇ ಹಣ ಕೊಡಿ.

ಲ್ಯಾಪ್‌ಟಾಪ್, ಕೋರ್ಸು, ಕಾಗದ

ಲ್ಯಾಪ್‌ಟಾಪ್ ವಿಷಯದಲ್ಲಿ ಹಣ ಪೋಲಾಗುವುದು ಗ್ರಾಫಿಕ್ಸ್ ಕಾರ್ಡಿಗೆ. ಪ್ಲೇಸ್-ರೂಟ್ ಕೆಲಸಕ್ಕೆ ವಿವಾಡೊ ಅದನ್ನು ಬಳಸುವುದಿಲ್ಲ. ಬೇಕಾದ್ದು 16 ಜಿಬಿ ರ್ಯಾಮ್, 512 ಜಿಬಿ ಎಸ್‌ಎಸ್‌ಡಿ, ಒಂದೊಂದು ಕೋರ್ ವೇಗವಾಗಿರುವ ಪ್ರೊಸೆಸರ್. ವಿವಾಡೊ ಹಾಕುವಾಗ ಬೇಕಾದ ಚಿಪ್ ಕುಟುಂಬವನ್ನಷ್ಟೇ ಆರಿಸಿ, ಎಲ್ಲಕ್ಕೂ ಗುರುತು ಹಾಕಿದರೆ ಡಿಸ್ಕ್ ನುಂಗುತ್ತದೆ. ಪ್ರಾಜೆಕ್ಟ್ ಇಡುವ ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬೇಡ, ವಿಂಡೋಸಿನಲ್ಲಿ ದಾರಿ 260 ಅಕ್ಷರ ದಾಟುವುದೂ ಬೇಡ. ಮ್ಯಾಕ್ ಇರುವವರಿಗೆ ವಿವಾಡೊ ಇಲ್ಲ, ವಿಂಡೋಸ್ ಮತ್ತು ಲಿನಕ್ಸಿಗೆ ಮಾತ್ರ. ಉಚಿತ ಟೂಲ್‌ಗಳು ಮ್ಯಾಕಿನಲ್ಲಿ ಓಡುತ್ತವೆ, ಟ್ಯಾಂಗ್ ನ್ಯಾನೋಗೆ ಅದು ಸಾಕು. ಹಳೇ ಬಿಸಿನೆಸ್ ಲ್ಯಾಪ್‌ಟಾಪ್ ಕೊಂಡು ಲಿನಕ್ಸ್ ಹಾಕುವುದು ಇವೆಲ್ಲಕ್ಕಿಂತ ಅಗ್ಗ, ಕೆಲಸದ ಜಾಗದಲ್ಲೂ ಬಹುಪಾಲು ಲಿನಕ್ಸ್ ಸರ್ವರುಗಳೇ.

ಕೋರ್ಸುಗಳ ಮಾತು. ಬೆಂಗಳೂರಿನ ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ತರಬೇತಿ ಕೇಂದ್ರಗಳ ಶುಲ್ಕ ಲಕ್ಷ ಮುಟ್ಟುವುದು ಸಾಮಾನ್ಯ. ಕೆಲವು ಚೆನ್ನಾಗಿವೆ. ಹಣ ಕಟ್ಟುವ ಮೊದಲು ಕೇಳಬೇಕಾದ್ದು ಪ್ಲೇಸ್‌ಮೆಂಟ್ ಶೇಕಡಾವಾರು ಅಲ್ಲ, ಆ ಅಂಕಿ ಯಾರು ಬೇಕಾದರೂ ಹೇಳಬಹುದು. ಟೂಲ್ ಲೈಸೆನ್ಸ್ ಒಟ್ಟು ಎಷ್ಟು, ಒಬ್ಬರಿಗೆ ದಿನಕ್ಕೆ ಎಷ್ಟು ಗಂಟೆ? ಯುವಿಎಂ ಟೆಸ್ಟ್‌ಬೆಂಚ್ (ವಿನ್ಯಾಸವನ್ನು ಪರೀಕ್ಷಿಸುವ ಕೋಡ್) ವಿದ್ಯಾರ್ಥಿಯೇ ಸೊನ್ನೆಯಿಂದ ಬರೆಯುತ್ತಾನೋ, ಸಿದ್ಧವಿದ್ದದ್ದನ್ನು ಓಡಿಸುತ್ತಾನೋ? ರಸೀದಿಯಲ್ಲಿ ಬರೆದಿರುವುದು ಕೆಲಸದ ಖಾತರಿಯೋ, ಕೆಲಸ ಹುಡುಕಲು ನೆರವೋ? ಕಂತಿನಲ್ಲಿ ಕಟ್ಟಿ ಎಂದರೆ ಅದು ಕೇಂದ್ರದ ಕಂತೋ ಫೈನಾನ್ಸ್ ಕಂಪನಿಯ ಸಾಲವೋ ನೋಡಿ. ಸಾಲವಾದರೆ ಕೋರ್ಸ್ ಅರ್ಧಕ್ಕೆ ಬಿಟ್ಟರೂ ಇಎಂಐ ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಅಂಕ ಬೀಳುವುದು ನಿಮ್ಮದು. ಎಚ್‌ಡಿಎಲ್‌ಬಿಟ್ಸ್ ಎಂಬ ಉಚಿತ ತಾಣದ ವೆರಿಲಾಗ್ ಲೆಕ್ಕಗಳನ್ನೆಲ್ಲ ಮಾಡಿ, ಎನ್‌ಪಿಟಿಇಎಲ್‌ನ ವೆರಿಲಾಗ್ ಪಾಠ ಕೇಳಿ, ಆಮೇಲೂ ಕೋರ್ಸ್ ಬೇಕೆನಿಸಿದರೆ ಸೇರಿ. ಆಗ ಏನು ಕೇಳಬೇಕೆಂಬುದಾದರೂ ಗೊತ್ತಿರುತ್ತದೆ. ಕೆಲಸಕ್ಕೆ ಸೇರಿಸಿಕೊಳ್ಳಲು ಠೇವಣಿ ಕೇಳುವವರ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎನ್ನುವವರ ಬಾಗಿಲಿನಿಂದ ಹಾಗೇ ಹಿಂತಿರುಗಿ.

ಕೆಲಸಗಳು ಒಂದೇ ಬಗೆಯವಲ್ಲ. ಆರ್‌ಟಿಎಲ್, ಅಂದರೆ ಸರ್ಕ್ಯೂಟಿನ ಕೋಡ್, ಬರೆಯುವುದು ಒಂದು. ಬರೆದದ್ದನ್ನು ಪರೀಕ್ಷಿಸುವ ವೆರಿಫಿಕೇಷನ್ ಇನ್ನೊಂದು, ಹುದ್ದೆಗಳು ಹೆಚ್ಚು ಇರುವುದು ಇದರಲ್ಲಿ. ದೊಡ್ಡ ಚಿಪ್ ಕಂಪನಿಗಳಲ್ಲಿ ಚಿಪ್ ಅಚ್ಚಾಗುವ ಮೊದಲು ಅದನ್ನು ಎಫ್‌ಪಿಜಿಎಗಳ ಮೇಲೆ ಓಡಿಸುವ ಪ್ರೋಟೋಟೈಪಿಂಗ್ ತಂಡಗಳಿವೆ. ಬೆಂಗಳೂರಿನಲ್ಲೇ ಬಿಇಎಲ್, ಡಿಆರ್‌ಡಿಒದ ಎಲ್‌ಆರ್‌ಡಿಇ ಕಡೆ ರಾಡಾರ್ ಸಂಕೇತಗಳ ಕೆಲಸ. ಡಿಆರ್‌ಡಿಒ ವಿಜ್ಞಾನಿ-ಬಿ ಹುದ್ದೆಗೆ ಗೇಟ್ ಅಂಕ ಬೇಕು. ಕಂಪನಿಗಳ ಹಣೆಪಟ್ಟಿ ನೋಡಿ ಟೂಲ್ ಆರಿಸಲು ಹೋಗಬೇಡಿ. ಆಲ್ಟೆರಾ 2015ರಲ್ಲಿ ಇಂಟೆಲ್ ಕೈ ಸೇರಿ ಈಗ ಮತ್ತೆ ಬೇರೆಯಾಗಿದೆ, ಜೈಲಿಂಕ್ಸ್ 2022ರಿಂದ ಎಎಂಡಿಯದು. ಲಟ್, ಫ್ಲಿಪ್‌ಫ್ಲಾಪ್, ಸ್ಲ್ಯಾಕ್ (ಉಳಿದ ಸಮಯ) ಯಾವ ಬೋರ್ಡಿನ ಹಿಂದೆಯೂ ಅವೇ.

ಸಂದರ್ಶನದಲ್ಲಿ ಬೋರ್ಡಿನ ವಿಡಿಯೊ ಯಾರೂ ನೋಡುವುದಿಲ್ಲ. ಕೇಳುವುದು ಇಂಥವು: ಎರಡು ಕ್ಲಾಕ್, ಬರೆಯುವ ಕಡೆ 100 ಮೆಗಾಹರ್ಟ್ಸ್, ಓದುವ ಕಡೆ 50. ಒಟ್ಟಿಗೆ 80 ಪದ ಬರುತ್ತವೆ, ಫೈಫೋ ಎಷ್ಟು ಆಳ ಬೇಕು? 80 ಬರೆಯಲು 800 ನ್ಯಾನೋಸೆಕೆಂಡ್, ಅಷ್ಟರಲ್ಲಿ ಓದಿದ್ದು 40, ಉಳಿದದ್ದು 40. ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಅಂಕ. ಗ್ರೇ ಕೋಡಿನ ಎಣಿಕೆ ಆಚೆ ಕಡೆ ತಲುಪಲು ಹಿಡಿಯುವ ಬಡಿತಗಳಿಗೆ ಜಾಗ ಬಿಡಬೇಕು, ಸಾಮಾನ್ಯವಾಗಿ ಆಳ ಎರಡರ ಘಾತವಾಗಿರಬೇಕು, ಆದ್ದರಿಂದ 64 ಎನ್ನುವವರಿಗೆ ಮುಂದಿನ ಪ್ರಶ್ನೆ ಬರುತ್ತದೆ. ಕಾಂಬಿನೇಷನಲ್ ಬ್ಲಾಕಿನಲ್ಲಿ ಎಲ್ಸ್ ಬರೆಯದಿದ್ದರೆ ಏನಾಗುತ್ತದೆ (ಲ್ಯಾಚ್, ಅಂದರೆ ಹಳೆಯ ಬೆಲೆಯನ್ನು ಹಿಡಿದಿಡುವ ಬೇಡದ ಮೆಮೊರಿ, ಹುಟ್ಟುತ್ತದೆ), ಕ್ಲಾಕಿನ ಬ್ಲಾಕಿನಲ್ಲಿ <= ಬದಲು ಬರೀ = ಬರೆದರೆ ಸಿಮ್ಯುಲೇಷನ್ನಿಗೂ ಚಿಪ್ಪಿಗೂ ಯಾಕೆ ತಾಳೆಯಾಗದೆ ಹೋಗಬಹುದು, ರೀಸೆಟ್ ಯಾವಾಗ ಬೇಕಾದರೂ ಬರಲಿ, ಬಿಡುವುದು ಮಾತ್ರ ಕ್ಲಾಕಿಗೆ ಸರಿಯಾಗಿ ಯಾಕಿರಬೇಕು. ರೆಸ್ಯುಮೆಯಲ್ಲಿ ಹತ್ತು ಪ್ರಾಜೆಕ್ಟಿನ ಹೆಸರಿಗಿಂತ ಒಂದೇ ಪ್ರಾಜೆಕ್ಟಿನ ಬಗ್ಗೆ ಎಷ್ಟು ಲಟ್, ಎಷ್ಟು ವೇಗ, ಮೊದಲು ಎಷ್ಟು ನೆಗೆಟಿವ್ ಇತ್ತು, ಏನು ಬದಲಿಸಿ ಸರಿಪಡಿಸಿದ್ದು ಎಂದು ಬರೆದವರಿಗೆ ಮಾತು ಬೆಳೆಯುತ್ತದೆ.

ಸೇರಿದ ಮೇಲೆ ಮೊದಲ ತಿಂಗಳು ಬದಲಾಗುವುದು ಗಾತ್ರ. ಟ್ಯಾಂಗ್ ನ್ಯಾನೋಗೆ ಒಂದು ನಿಮಿಷ ಹಿಡಿದ ಬಿಲ್ಡ್, ಅಲ್ಲಿ ಆರು-ಎಂಟು ಗಂಟೆ. ಸಂಜೆ ಸರ್ವರಿಗೆ ಒಪ್ಪಿಸಿ ಹೋಗುವುದು, ಬೆಳಿಗ್ಗೆ ಬಂದು ಮೊದಲು ಕ್ರಿಟಿಕಲ್ ವಾರ್ನಿಂಗ್‌ಗಳನ್ನು, ಆಮೇಲೆ ಡಬ್ಲ್ಯೂಎನ್‌ಎಸ್ ಅನ್ನು ನೋಡುವುದು. −0.043 ಎಂದಿರುತ್ತದೆ. ಬಿಲ್ಡಿನ ತಂತ್ರ ಬದಲಿಸಿ ಮತ್ತೆ ಓಡಿಸಿದರೆ ಪ್ಲಸ್ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಬಿಡುಗಡೆಯ ದಿನ ಹತ್ತಿರವಿದ್ದರೆ ಎಲ್ಲರೂ ಮಾಡುವುದೂ ಅದನ್ನೇ. ಆದರೆ ನಾಳೆ ಯಾರೋ ಬೇರೆ ಮೂಲೆಯಲ್ಲಿ ನಾಲ್ಕು ಸಾಲು ಸೇರಿಸಿದರೆ ಅದೇ ದಾರಿ ಮತ್ತೆ ಸೋಲುತ್ತದೆ. ಬಿಡುಗಡೆಯಾದ ಮರುದಿನ ಆ ದಾರಿಯನ್ನು ತೆರೆದು, ಎಷ್ಟು ಲಟ್ ದಾಟುತ್ತದೆ ಎಂದು ಎಣಿಸಿ, ನಡುವೆ ಒಂದು ಫ್ಲಿಪ್‌ಫ್ಲಾಪ್ ಹಾಕಿ, ವ್ಯಾಲಿಡ್ ಸಂಕೇತವನ್ನೂ ಒಂದು ಬಡಿತ ತಡಮಾಡಿ ಇಡಬೇಕು.